ಹುಂಜವೋ ಹ್ಯಾಟೆಯೋ: ಮರಿಯ ಬಣ್ಣ ಯಾವಾಗ ನಿಜ ಹೇಳುತ್ತದೆ?

ಜಾತ್ರೆಗಳಲ್ಲಿ ರಟ್ಟಿನ ಪೆಟ್ಟಿಗೆ ಮುಂದಿಟ್ಟುಕೊಂಡು ಗುಲಾಬಿ, ಹಸಿರು, ನೀಲಿ ಬಣ್ಣ ಹಾಕಿದ ಕೋಳಿಮರಿ ಮಾರುವವರನ್ನು ನೋಡದವರು ಕಡಿಮೆ. ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುತ್ತಾರೆ. ಮನೆಗೆ ಬಂದ ಮರಿ ವಾರ ಕಳೆದರೆ ದೊಡ್ಡದು. ಇಷ್ಟು ಅಗ್ಗಕ್ಕೆ ಇಷ್ಟೊಂದು ಮರಿ ಎಲ್ಲಿಂದ ಬರುತ್ತವೆ ಎಂದು ಯಾರೂ ಕೇಳುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ತಳಿಯ ಗಂಡುಮರಿಗಳು, ಅಂದರೆ ಹ್ಯಾಚರಿಗೆ ಬೇಡವಾದವು. ಅವು ಮೊಟ್ಟೆ ಇಡುವುದಿಲ್ಲ ಎಂಬುದು ಸರಿಯೇ. ಮಾಂಸಕ್ಕಾದರೂ ಸಾಕೋಣವೆಂದರೆ, ಬ್ರಾಯ್ಲರ್ ಕೋಳಿ ಐದಾರು ವಾರಕ್ಕೆ ಎರಡು ಕೆ.ಜಿ. ತೂಗುವಾಗ ಇವು ಅದರ ಅರ್ಧಕ್ಕೂ ಬಂದಿರುವುದಿಲ್ಲ. ತಿಂದ ಕಾಳಿನ ದುಡ್ಡೂ ಹುಟ್ಟದು. ಹಾಗಾಗಿ ಮೊಟ್ಟೆಯಿಂದ ಹೊರಬಂದ ದಿನವೇ ಅವನ್ನು ಬೇರೆ ಮಾಡುತ್ತಾರೆ. ಬಹುಪಾಲು ಮರಿಗಳು ಅಂದೇ ಸಾಯುತ್ತವೆ, ಉಳಿದ ಕೆಲವು ಬಣ್ಣ ಬಳಿಸಿಕೊಂಡು ಜಾತ್ರೆಗೆ ಬರುತ್ತವೆ.

ಒಂದು ದಿನದ ಮರಿಯನ್ನು ಅಂಗೈ ಮೇಲಿಟ್ಟು ನೋಡಿ. ಜುಟ್ಟು ಇನ್ನೂ ಎದ್ದಿರುವುದಿಲ್ಲ, ಬಾಲ ಇರುವುದಿಲ್ಲ, ಕೂಗುವ ದನಿಯಲ್ಲೂ ವ್ಯತ್ಯಾಸವಿಲ್ಲ. ಮೈತುಂಬ ಒಂದೇ ತರಹದ ನವಿರು ತುಪ್ಪಳ. ಹೀಗಿರುವಾಗ ಇದು ಹುಂಜ, ಇದು ಹ್ಯಾಟೆ ಎಂದು ಹುಟ್ಟಿದ ದಿನವೇ ಹೇಳುವುದು ಹೇಗೆ? ಬಣ್ಣ ನೋಡಿಯೇ ಹೇಳಬಹುದು ಎನ್ನುವವರು ನಮ್ಮ ಸಂತೆಗಳಲ್ಲೂ ಇದ್ದಾರೆ, ದೊಡ್ಡ ದೊಡ್ಡ ಹ್ಯಾಚರಿಗಳಲ್ಲೂ ಇದ್ದಾರೆ. ಹ್ಯಾಚರಿಯವರ ಮಾತು ನಿಜ. ಸಂತೆಯ ಮಾತು ನೂರಕ್ಕೆ ಐವತ್ತು ಸಲ ನಿಜ. ಈ ಎರಡರ ನಡುವಿನ ಅಂತರದಲ್ಲಿ ತಳಿಶಾಸ್ತ್ರದ ಒಂದು ಸೊಗಸಾದ ಲೆಕ್ಕ ಅಡಗಿದೆ.

ಚೂಪು ಮೊಟ್ಟೆಯ ನಂಬಿಕೆ

ಹಳ್ಳಿಗಳಲ್ಲಿ ಕಾವಿಗೆ ಕೂರಿಸುವಾಗಲೇ ಕೆಲವರು ಮೊಟ್ಟೆ ಆರಿಸುತ್ತಾರೆ. ತುದಿ ಚೂಪಾಗಿದ್ದರೆ ಹುಂಜ, ಗುಂಡಗಿದ್ದರೆ ಹ್ಯಾಟೆ ಎಂಬುದು ಅವರ ನಂಬಿಕೆ. ಇದು ನಮ್ಮದೇ ಕಲ್ಪನೆಯೂ ಅಲ್ಲ, ಹೊಸದೂ ಅಲ್ಲ. ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಎರಡು ಸಾವಿರ ವರ್ಷದ ಹಿಂದೆ ಇದನ್ನೇ ಬರೆದಿದ್ದ. ಅವನಿಗಿಂತ ಮೊದಲು ಗ್ರೀಸಿನ ಅರಿಸ್ಟಾಟಲ್ ತದ್ವಿರುದ್ಧ ಹೇಳಿದ್ದ: ಚೂಪು ಮೊಟ್ಟೆ ಹೆಣ್ಣು, ಗುಂಡು ಮೊಟ್ಟೆ ಗಂಡು. ಇಬ್ಬರು ಜಾಣರು ಎದುರುಬದುರು ಹೇಳಿಯೂ ಇಬ್ಬರಿಗೂ ಅನುಯಾಯಿಗಳು ಸಿಕ್ಕಿದ್ದೇ ಈ ಪರೀಕ್ಷೆಯ ಬೆಲೆಯನ್ನು ತೋರಿಸುತ್ತದೆ.

ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಏಕೆ ಸಂಬಂಧವಿಲ್ಲ ಎಂಬುದನ್ನು ಕೋಳಿಯ ಹೊಟ್ಟೆಯೊಳಗಿನ ಕೆಲಸದ ಕ್ರಮ ನೋಡಿದರೆ ತಿಳಿಯುತ್ತದೆ. ಅಂಡಾಶಯದಿಂದ ಹಳದಿ ಲೋಳೆ ಕಳಚಿ ಬೀಳುವ ಕೆಲವೇ ಗಂಟೆ ಮೊದಲು ಅದರಲ್ಲಿ ಗಂಡು ಹುಟ್ಟಬೇಕೋ ಹೆಣ್ಣೋ ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಬಿಳಿ ಲೋಳೆ, ಒಳಪೊರೆ, ಚಿಪ್ಪು ಇವೆಲ್ಲ ಆಮೇಲೆ, ಅಂಡನಾಳದಲ್ಲಿ ಇಳಿಯುತ್ತಾ ಸೇರಿಕೊಳ್ಳುವವು. ಆಕಾರ ಕೊಡುವುದು ಆ ನಾಳ. ಅದಕ್ಕೇ ಚೂಪು ಮೊಟ್ಟೆ ಇಡುವ ಕೋಳಿ ಸಾಮಾನ್ಯವಾಗಿ ಎಲ್ಲ ಮೊಟ್ಟೆಯನ್ನೂ ಚೂಪಾಗಿಯೇ ಇಡುತ್ತದೆ, ಅದರ ಮರಿಗಳಲ್ಲಿ ಹುಂಜ-ಹ್ಯಾಟೆ ಸಮಸಮ ಇರುತ್ತವೆ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ತೂಗುವುದು, ಮರಿಯನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಒದ್ದಾಡುತ್ತದೋ ಇಲ್ಲವೋ ನೋಡುವುದು ಇವೂ ಇದೇ ಗುಂಪಿನವು. ಹೇಗೆ ಊಹಿಸಿದರೂ ಅರ್ಧ ಸರಿಯಾಗಿಯೇ ಆಗುತ್ತದೆ. ಸರಿಯಾದದ್ದು ನೆನಪಿನಲ್ಲಿ ಉಳಿಯುತ್ತದೆ, ತಪ್ಪಿದ್ದು ಸಾರಾಗಿ ಮರೆತುಹೋಗುತ್ತದೆ.

ಜಪಾನಿನ ಬೆರಳುಗಳು

ಖಚಿತವಾಗಿ ಹೇಳುವ ಮೊದಲ ವಿಧಾನ ಬಂದದ್ದು ಜಪಾನಿನಿಂದ. ಟೋಕಿಯೊದ ಪಶುವೈದ್ಯ ವಿಜ್ಞಾನಿ ಕಿಯೋಶಿ ಮಸುಯಿ ಮತ್ತು ಅವರ ಜೊತೆಗಾರರು 1920ರ ದಶಕದಲ್ಲಿ ಒಂದು ದಿನದ ಮರಿಯ ಗುದದ್ವಾರದೊಳಗೆ ಲಿಂಗದ ಗುರುತು ಇರುವುದನ್ನು ತೋರಿಸಿಕೊಟ್ಟರು. 1927ರಲ್ಲಿ ಕೆನಡಾದ ಒಟ್ಟಾವದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದ ಮೂಲಕ ಈ ಸುದ್ದಿ ಹೊರಜಗತ್ತಿಗೆ ತಲುಪಿತು. ಮುಂದಿನ ದಶಕದಲ್ಲಿ ಜಪಾನಿನ ನುರಿತ ಕೆಲಸಗಾರರನ್ನು ಅಮೆರಿಕ, ಕೆನಡಾದ ಹ್ಯಾಚರಿಗಳು ಕರೆಸಿಕೊಳ್ಳತೊಡಗಿದವು. ಆಮೇಲೆ ಕೊರಿಯಾದವರೂ ಈ ಕಸುಬಿನಲ್ಲಿ ಹೆಸರು ಮಾಡಿದರು. ಕೆಲವು ವರ್ಷಗಳ ಹಿಂದೆ ಬಂದ ‘ಮಿನಾರಿ’ ಸಿನಿಮಾದಲ್ಲಿ ಅಮೆರಿಕಕ್ಕೆ ವಲಸೆ ಹೋದ ಕೊರಿಯನ್ ದಂಪತಿ ಹೊಟ್ಟೆಪಾಡಿಗೆ ಮಾಡುವುದು ಇದೇ ಕೆಲಸ.

ಎಡಗೈಯಲ್ಲಿ ಮರಿ ಹಿಡಿದು, ಹೊಟ್ಟೆ ಮೆಲ್ಲಗೆ ಒತ್ತಿ ಹಿಕ್ಕೆ ಹೊರಡಿಸಿ, ಬೆರಳುಗಳಿಂದ ಗುದದ್ವಾರ ಬಿಡಿಸಿ, ಪ್ರಖರ ದೀಪದ ಕೆಳಗೆ ನೋಡಬೇಕು. ಗಂಡಾದರೆ ಒಳಮಡಿಕೆಯ ನಡುವೆ ಒಂದು ಸಣ್ಣ ಗುಬುಟು ಮಿನುಗುತ್ತದೆ. ಹೆಣ್ಣಿನಲ್ಲಿ ಅದು ಇರುವುದಿಲ್ಲ ಅಥವಾ ಸಪ್ಪಗಿರುತ್ತದೆ. ಕೇಳಲು ಸುಲಭ. ಆದರೆ ಕೆಲವು ಹೆಣ್ಣುಮರಿಗಳಲ್ಲೂ ಗುಬುಟು ಇರುತ್ತದೆ, ಕೆಲವು ಗಂಡುಮರಿಗಳಲ್ಲಿ ಚಪ್ಪಟೆಯಾಗಿರುತ್ತದೆ. ಈ ನಡುವಿನ ಮರಿಗಳನ್ನು ಗುರುತಿಸಲು ಕಣ್ಣು ಪಳಗಬೇಕು. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿ ನೋಡಿ, ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚು ತಪ್ಪು ಮಾಡುವುದಿಲ್ಲ. ಪಳಗದವರು ಒತ್ತಿದರೆ ಮರಿಯ ಕರುಳೇ ಹೊರಬಂದೀತು. ಇಂಥ ಕೈಗಳು ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಸಂಬಳ ದುಬಾರಿ. ಪರಿಣತಿಯೇ ಬೇಡದ, ದಾರಿಯಲ್ಲಿ ಹೋಗುವವರೂ ನೋಡಿ ಹೇಳಬಹುದಾದ ಗುರುತೊಂದಿದ್ದರೆ? ಅದನ್ನು ಹುಡುಕಲು ಮರಿಯನ್ನು ಬಿಟ್ಟು ಅದರ ಹೆತ್ತವರ ಕಡೆ ತಿರುಗಬೇಕು.

ತೀರ್ಮಾನ ತಾಯಿಯದು

ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದು ಎಕ್ಸ್, ಒಂದು ವೈ. ಮಗು ಯಾವುದೆಂದು ನಿರ್ಧರಿಸುವುದು ತಂದೆಯ ವೀರ್ಯಾಣು. ಹಾಗಿದ್ದೂ ಹೆಣ್ಣು ಹೆತ್ತಳೆಂದು ಮಾತು ಕೇಳುವವಳು ಮನೆಯ ಸೊಸೆ. ಹಕ್ಕಿಗಳಲ್ಲಿ ಈ ಲೆಕ್ಕ ತಿರುಗುಮುರುಗು. ಹುಂಜಕ್ಕೆ ಒಂದೇ ಬಗೆಯ ಎರಡು ವರ್ಣತಂತು, ಅವನ್ನು ಝಡ್ ಎನ್ನುತ್ತಾರೆ. ಹ್ಯಾಟೆಗೆ ಒಂದು ಝಡ್, ಇನ್ನೊಂದು ಡಬ್ಲ್ಯು. ಡಬ್ಲ್ಯು ಗಾತ್ರದಲ್ಲಿ ಪುಟ್ಟದು, ಅದರಲ್ಲಿರುವ ಜೀನ್‌ಗಳೂ ಕಡಿಮೆ. ತಾಯಿಕೋಳಿ ಮೊಟ್ಟೆಗೆ ಝಡ್ ಕೊಟ್ಟರೆ ಹುಂಜ, ಡಬ್ಲ್ಯು ಕೊಟ್ಟರೆ ಹ್ಯಾಟೆ. ತಂದೆ ಕೊಡುವುದು ಯಾವಾಗಲೂ ಝಡ್. ‘ಹುಂಜ ಸರಿಯಿಲ್ಲ, ಬರೀ ಗಂಡುಮರಿ ಬರುತ್ತಿವೆ’ ಎಂದು ಹುಂಜವನ್ನು ದೂರುವುದರಲ್ಲಿ ಅರ್ಥವೇ ಇಲ್ಲ.

ಇದರಿಂದ ಒಂದು ಸ್ವಾರಸ್ಯ ಹುಟ್ಟುತ್ತದೆ. ತಾಯಿಯ ಬಳಿ ಇರುವುದು ಒಂದೇ ಝಡ್. ಅದು ಹೋಗುವುದು ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಸಿಗುವ ಒಂದೇ ಝಡ್ ತಂದೆಯದು. ಆದ್ದರಿಂದ ಝಡ್ ಮೇಲೆ ಕೂತಿರುವ ಯಾವುದೇ ಗುಣದಲ್ಲಿ ಮಗಳು ಅಪ್ಪನನ್ನು ಹೋಲುತ್ತಾಳೆ. ತಾಯಿಯ ಗುಣ ಪ್ರಬಲವಾಗಿದ್ದರೆ ಮಗ ಅಮ್ಮನನ್ನು ಹೋಲುತ್ತಾನೆ. ಬಣ್ಣದ ಜೀನ್ ಒಂದು ಝಡ್ ಮೇಲೆ ಇದ್ದುಬಿಟ್ಟರೆ? ಅಪ್ಪ ಒಂದು ಬಣ್ಣ, ಅಮ್ಮ ಇನ್ನೊಂದು ಬಣ್ಣ ಇರುವ ಜೋಡಿ ಕಟ್ಟಿದರೆ ಸಾಕು, ಹುಟ್ಟುವ ಮರಿಗಳು ತಮ್ಮ ಲಿಂಗವನ್ನು ಮೈಮೇಲೆ ಬರೆದುಕೊಂಡೇ ಬರುತ್ತವೆ.

ಅಂಥ ಜೀನ್‌ಗಳು ಇವೆ. ಮೆಂಡೆಲ್‌ನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತಳಿವಿಜ್ಞಾನಿ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದೇ ಕೋಳಿಯ ಜುಟ್ಟಿನ ಮೇಲೆ, ಬಣ್ಣದ ಸರದಿ ಆಮೇಲೆ ಬಂತು. ಅಮೆರಿಕದ ಡಬ್ಲ್ಯು. ಜೆ. ಸ್ಪಿಲ್‌ಮನ್ 1908ರಲ್ಲಿ, ಬಾರ್ಡ್ ಪ್ಲೈಮೌತ್ ರಾಕ್ ಕೋಳಿಯ ಗರಿಗಳ ಮೇಲಿನ ಕಪ್ಪು-ಬಿಳಿ ಪಟ್ಟೆ ಲಿಂಗದ ಜೊತೆ ಹೆಣೆದುಕೊಂಡು ಬರುತ್ತದೆ ಎಂದು ಗುರುತಿಸಿದರು. ತಳಿವಿಜ್ಞಾನಿ ಮಾರ್ಗನ್ ತಮ್ಮ ಪ್ರಸಿದ್ಧ ಬಿಳಿಗಣ್ಣಿನ ಹಣ್ಣುನೊಣದ ಬಗ್ಗೆ ಬರೆಯುವುದಕ್ಕೆ ಎರಡು ವರ್ಷ ಮೊದಲಿನ ಮಾತಿದು.

ನೆತ್ತಿಯ ಚುಕ್ಕೆ, ತುಪ್ಪಳದ ಬಣ್ಣ

ಈ ಪಟ್ಟೆಯ ಲೆಕ್ಕವನ್ನು ಒಂದು ಜೋಡಿಯ ಮೇಲೆ ಬಿಡಿಸಿ ನೋಡೋಣ. ಕೆಂಪು ಬಣ್ಣದ ರೋಡ್ ಐಲೆಂಡ್ ರೆಡ್ ಹುಂಜ. ಅದರ ಎರಡು ಝಡ್‌ಗಳಲ್ಲಿ ಯಾವುದರಲ್ಲೂ ಪಟ್ಟೆಯ ಜೀನ್ ಇಲ್ಲ. ಪಟ್ಟೆ ಪಟ್ಟೆಯ ಪ್ಲೈಮೌತ್ ರಾಕ್ ಹ್ಯಾಟೆ. ಅದರ ಒಂದೇ ಝಡ್ ಮೇಲೆ ಪಟ್ಟೆ ಇದೆ. ಗಂಡುಮರಿಗೆ ತಾಯಿಯಿಂದ ಪಟ್ಟೆಯ ಝಡ್ ಬಂತು. ಪಟ್ಟೆ ಪ್ರಬಲ ಗುಣ, ಒಂದು ಪ್ರತಿ ಇದ್ದರೂ ತೋರುತ್ತದೆ. ಹೆಣ್ಣುಮರಿಗೆ ತಾಯಿಯಿಂದ ಬಂದದ್ದು ಖಾಲಿ ಡಬ್ಲ್ಯು, ತಂದೆಯಿಂದ ಪಟ್ಟೆಯಿಲ್ಲದ ಝಡ್. ಎರಡೂ ಮರಿಗಳ ಮೈ ತುಪ್ಪಳ ಕಪ್ಪು. ಆದರೆ ಗಂಡುಮರಿಯ ನೆತ್ತಿಯ ಮೇಲೆ ಒಂದು ಬಿಳಿಚುಕ್ಕೆ, ಹೆಣ್ಣುಮರಿಯ ನೆತ್ತಿ ಪೂರ್ತಿ ಕಪ್ಪು. ಬೆಳೆದ ಮೇಲೆ ಗಂಡು ಅಮ್ಮನಂತೆ ಪಟ್ಟೆ ಪಟ್ಟೆಯ ಹುಂಜವಾಗುತ್ತದೆ. ಹೆಣ್ಣು ಕತ್ತಿನಲ್ಲಿ ಸ್ವಲ್ಪ ಹೊಂಬಣ್ಣವಿರುವ ಕಪ್ಪು ಹ್ಯಾಟೆಯಾಗುತ್ತದೆ.

ಇನ್ನೊಂದು ಜೋಡಿ ಇದಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಕೋಳಿಯ ಗರಿಯಲ್ಲಿ ಕೆಂಪು-ಹಳದಿ ಬಣ್ಣವನ್ನು ಹಾಗೇ ಬಿಡುವುದು ‘ಹೊನ್ನು’ ಗುಣ. ಅದನ್ನು ಅಳಿಸಿ ಬಿಳಿ ಮಾಡುವುದು ‘ಬೆಳ್ಳಿ’ ಗುಣ. ಈ ಜೀನ್ ಕೂಡ ಝಡ್ ಮೇಲಿದೆ, ಬೆಳ್ಳಿ ಪ್ರಬಲ. ಹೊನ್ನಿನ ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬೆಳ್ಳಿಯ ಲೈಟ್ ಸಸೆಕ್ಸ್ ಅಥವಾ ರೋಡ್ ಐಲೆಂಡ್ ವೈಟ್ ಹ್ಯಾಟೆ ಜೋಡಿ ಮಾಡಿದರೆ ಗಂಡುಮರಿಗಳು ತೆಳು ಹಳದಿ, ಹೆಣ್ಣುಮರಿಗಳು ಕೆಂಗಂದು. ಐಎಸ್‌ಎ ಬ್ರೌನ್, ಲೋಮನ್ ಬ್ರೌನ್, ಹೈಲೈನ್ ಬ್ರೌನ್ ಎಂದು ಜಗತ್ತಿನಾದ್ಯಂತ ಮಾರಾಟವಾಗುವ, ಕಂದು ಮೊಟ್ಟೆ ಇಡುವ ಹೈಬ್ರಿಡ್ ತಳಿಗಳು ನಿಂತಿರುವುದು ಈ ಒಂದು ಸೂತ್ರದ ಮೇಲೆ. ಹ್ಯಾಚರಿಯ ಟ್ರೇ ಎಳೆದರೆ ಎರಡು ಬಣ್ಣದ ಮರಿಗಳು ಬೆರೆತಿರುತ್ತವೆ. ಹಳದಿ ಒಂದು ಕಡೆ, ಕೆಂಗಂದು ಇನ್ನೊಂದು ಕಡೆ ಎತ್ತಿಡಲು ಜಪಾನಿನ ತರಬೇತಿ ಬೇಕಿಲ್ಲ.

ಈ ಜ್ಞಾನಕ್ಕೆ ಬೆಲೆ ತಂದುಕೊಟ್ಟದ್ದು ಯುದ್ಧ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಾಳುಕಡ್ಡಿಗೆ ಬರ ಬಂದಾಗ, ಮೊಟ್ಟೆಯಿಡದ ಹುಂಜಗಳಿಗೆ ಮೇವು ಹಾಕುವುದೇಕೆ ಎಂಬ ಪ್ರಶ್ನೆ ಎದ್ದಿತು. ಆಗ ಬಣ್ಣದ ಜೋಡಿ ಕಟ್ಟಿ ಗಂಡುಮರಿಗಳನ್ನು ಮೊದಲ ದಿನವೇ ಬೇರೆ ಮಾಡುವ ದಾರಿ ತೋರಿಸಿದವರು ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್. ಶಾಲೆಯಲ್ಲಿ ಮೆಂಡೆಲ್ ಪಾಠ ಓದಿದವರೆಲ್ಲ ‘ಪನೆಟ್ ಚೌಕ’ ಬರೆದಿರುತ್ತಾರೆ, ಅದೇ ಪನೆಟ್. 1923ರಲ್ಲಿ ಅವರು ಕೋಳಿಗಳ ಅನುವಂಶೀಯತೆಯ ಮೇಲೆ ಒಂದು ಪುಸ್ತಕವನ್ನೇ ತಂದರು.

ಸೂತ್ರ ಎಲ್ಲಿ ಕೈಕೊಡುತ್ತದೆ

ಹಿತ್ತಲಲ್ಲಿ ಕೋಳಿ ಸಾಕುವವರು ಎಡವುವುದು ಇಲ್ಲಿಂದ ಮುಂದೆ. ಮೊದಲನೆಯದಾಗಿ, ಜೋಡಿಯ ದಿಕ್ಕು ತಪ್ಪಬಾರದು. ಮೇಲಿನ ಜೋಡಿಯನ್ನೇ ತಿರುಗಿಸಿ, ಪಟ್ಟೆಯ ಹುಂಜವನ್ನು ಕೆಂಪು ಹ್ಯಾಟೆಯ ಜೊತೆ ಬಿಟ್ಟರೆ ತಂದೆಯ ಎರಡೂ ಝಡ್ ಮೇಲೆ ಪಟ್ಟೆ ಇರುವುದರಿಂದ ಗಂಡು ಹೆಣ್ಣೆನ್ನದೆ ಎಲ್ಲ ಮರಿಗಳಿಗೂ ನೆತ್ತಿಯ ಚುಕ್ಕೆ ಬರುತ್ತದೆ. ಅದೇ ಎರಡು ತಳಿ, ಅದೇ ಜೀನ್, ಆದರೆ ಗುರುತು ಮಾತ್ರ ಮಾಯ. ಹಳ್ಳಿಯಲ್ಲಿ ‘ಈ ಎರಡು ಜಾತಿ ಕೂಡಿಸಿದರೆ ಬಣ್ಣದಲ್ಲೇ ಗೊತ್ತಾಗುತ್ತದಂತೆ’ ಎಂದು ಕೇಳಿ ಬಂದವರು ಹುಂಜ ಯಾವುದು, ಹ್ಯಾಟೆ ಯಾವುದು ಎಂಬ ಅರ್ಧವನ್ನು ಮರೆತಿರುತ್ತಾರೆ.

ಎರಡನೆಯದಾಗಿ, ಸೂತ್ರ ಒಂದೇ ತಲೆಮಾರಿಗೆ. ನೆತ್ತಿಚುಕ್ಕೆಯ ಹುಂಜವನ್ನೂ ಕಪ್ಪು ನೆತ್ತಿಯ ಅದರ ತಂಗಿಯನ್ನೂ ಬೆಳೆಸಿ ಮತ್ತೆ ಮರಿ ಮಾಡಿಸಿದರೆ, ಹುಂಜದ ಒಂದು ಝಡ್‌ನಲ್ಲಿ ಪಟ್ಟೆ ಇದೆ, ಇನ್ನೊಂದರಲ್ಲಿ ಇಲ್ಲ. ಗಂಡುಮರಿಗಳಲ್ಲಿ ಅರ್ಧಕ್ಕೆ ಚುಕ್ಕೆ, ಹೆಣ್ಣುಮರಿಗಳಲ್ಲೂ ಅರ್ಧಕ್ಕೆ ಚುಕ್ಕೆ. ಈಗ ಚುಕ್ಕೆ ನೋಡಿ ಲಿಂಗ ಹೇಳುವುದೂ ನಾಣ್ಯ ಚಿಮ್ಮುವುದೂ ಒಂದೇ. ಪ್ರತಿ ಸಲವೂ ಶುದ್ಧ ತಳಿಯ ಅಪ್ಪ-ಅಮ್ಮನಿಗೇ ಮರಳಬೇಕು. ದೊಡ್ಡ ಕಂಪನಿಗಳು ಈ ಹೆತ್ತವರ ಪೀಳಿಗೆಯ ಕೋಳಿಗಳನ್ನು ಕೈಯಿಂದ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು, ಬಿಳಿ ಕೋಳಿಯ ತೊಡಕು. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿ ಮೊಟ್ಟೆ ಬಹುತೇಕ ವೈಟ್ ಲೆಗ್‌ಹಾರ್ನ್ ಮೂಲದ ಕೋಳಿಗಳದು. ಈ ಬಿಳುಪು ಬೆಳ್ಳಿಯ ಗುಣದಿಂದ ಬಂದದ್ದಲ್ಲ. ಅದು ಲಿಂಗಕ್ಕೆ ಸಂಬಂಧವಿಲ್ಲದ ಬೇರೊಂದು ವರ್ಣತಂತುವಿನ ಮೇಲಿರುವ, ಕಪ್ಪು ಬಣ್ಣವನ್ನೇ ತಡೆಯುವ ಪ್ರಬಲ ಜೀನ್‌ನ ಕೆಲಸ. ಅದರ ಅಡಿಯಲ್ಲಿ ಪಟ್ಟೆಯ ಜೀನ್ ಇರಬಹುದು, ಬೆಳ್ಳಿಯೂ ಇರಬಹುದು, ಕಣ್ಣಿಗೆ ಕಾಣುವುದು ಬಿಳಿ ಮಾತ್ರ. ಮರಿಗಳೆಲ್ಲ ಒಂದೇ ಹಳದಿ.

ಅಲ್ಲಿ ನೆರವಿಗೆ ಬರುವುದು ಬಣ್ಣವಲ್ಲ, ಗರಿ. ಗರಿ ಬೇಗ ಹುಟ್ಟುತ್ತದೋ ತಡವಾಗಿಯೋ ಎಂಬುದನ್ನು ನಿರ್ಧರಿಸುವ ಜೀನ್ ಕೂಡ ಝಡ್ ಮೇಲಿದೆ, ತಡವಾಗುವುದು ಪ್ರಬಲ. ಬೇಗ ಗರಿ ಬರುವ ಹುಂಜ, ತಡವಾಗಿ ಬರುವ ಹ್ಯಾಟೆ ಜೋಡಿಯಾದರೆ ಹೆಣ್ಣುಮರಿಗಳಿಗೆ ಬೇಗ, ಗಂಡುಮರಿಗಳಿಗೆ ತಡ. ಮರಿಯ ರೆಕ್ಕೆಯನ್ನು ಎರಡು ಬೆರಳಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಬಿಡಿಸಿದರೆ ಎರಡು ಸಾಲು ಎಳೆಗರಿಗಳು ಕಾಣುತ್ತವೆ. ಕೆಳಸಾಲು ಮುಂದೆ ಹಾರುವ ಗರಿಯಾಗುವಂಥದ್ದು, ಮೇಲಿನದು ಅದರ ಬುಡ ಮುಚ್ಚುವಂಥದ್ದು. ಕೆಳಸಾಲು ಸ್ಪಷ್ಟವಾಗಿ ಉದ್ದವಿದ್ದರೆ ಹ್ಯಾಟೆ. ಎರಡೂ ಸಾಲು ಸಮವಿದ್ದರೆ ಅಥವಾ ಕೆಳಗಿನದೇ ಗಿಡ್ಡವಿದ್ದರೆ ಹುಂಜ. ಇದನ್ನು ಹುಟ್ಟಿದ ಒಂದೆರಡು ದಿನದೊಳಗೆ ನೋಡಬೇಕು. ಆಮೇಲೆ ಎಲ್ಲ ಗರಿಗಳೂ ಬೆಳೆದು ವ್ಯತ್ಯಾಸ ಅಳಿಸಿಹೋಗುತ್ತದೆ. ಈ ವಿಧಾನಕ್ಕೂ ಒಂದು ಕಂದಾಯವಿದೆ: ತಡಗರಿಯ ಜೀನ್‌ಗೆ ಅಂಟಿಕೊಂಡೇ ಹಳೆಯ ವೈರಸ್ ಒಂದರ ತುಣುಕು ಕೋಳಿಯ ವಂಶದಲ್ಲಿ ಸೇರಿದೆ. ಅದರಿಂದ ಕೆಲವು ತಳಿಗಳಲ್ಲಿ ಲ್ಯೂಕೋಸಿಸ್ ಎಂಬ ಗಡ್ಡೆ ರೋಗದ ಕಾಟ ಹೆಚ್ಚಿದ್ದುಂಟು.

ಇನ್ನು ನಮ್ಮ ನಾಟಿ ಕೋಳಿ. ಊರೆಲ್ಲ ಸುತ್ತುವ ಹುಂಜ, ಎಲ್ಲೋ ಕಾವಿಗೆ ಕೂರುವ ಹ್ಯಾಟೆ, ತಲೆಮಾರುಗಳಿಂದ ಬೆರೆತ ಬಣ್ಣ. ಒಂದೇ ಕಾವಿನಲ್ಲಿ ಕಪ್ಪು, ಕಂದು, ಬೂದು, ಬೆನ್ನ ಮೇಲೆ ಗೆರೆಯಿರುವ ಮರಿಗಳು. ಇಲ್ಲಿ ಕಪ್ಪು ಎಂದರೆ ಹುಂಜ, ಕಂದು ಎಂದರೆ ಹ್ಯಾಟೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳೂ ಹಿತ್ತಲ ಸಾಕಣೆಗೆಂದು ಬಂದವು, ಮರಿಯ ಬಣ್ಣದಲ್ಲಿ ಲಿಂಗ ತೋರಲೆಂದು ಅಲ್ಲ. ಅವುಗಳಲ್ಲಿ ಐದಾರು ವಾರ ಕಾಯುವುದೇ ಸರಿ. ಅಷ್ಟರಲ್ಲಿ ಹುಂಜದ ಜುಟ್ಟು ಕೆಂಪೇರಿ ದಪ್ಪವಾಗುತ್ತದೆ, ಕಾಲು ದಪ್ಪಗಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಸೊಂಟದ ಬಳಿ ಚೂಪು ತುದಿಯ, ಹೊಳೆಯುವ ಗರಿಗಳು ಇಳಿಬೀಳುತ್ತವೆ. ಹ್ಯಾಟೆಯಲ್ಲಿ ಆ ಜಾಗದ ಗರಿಗಳ ತುದಿ ಗುಂಡಗೆ. ಆಗ ಯಾರೂ ಮೋಸ ಹೋಗುವುದಿಲ್ಲ.

ಒಂದೇ ತಳಿಯಲ್ಲಿ ಎರಡು ಬಣ್ಣ

ಜೋಡಿಯ ತಂಟೆಯೇ ಬೇಡ, ಶುದ್ಧ ತಳಿಯೊಳಗೇ ಗಂಡು ಹೆಣ್ಣು ಬೇರೆ ಬಣ್ಣ ಇರುವಂತೆ ಮಾಡಲಾಗದೇ? ಪನೆಟ್ ಮತ್ತು ಅವರ ಕೇಂಬ್ರಿಜ್ ಸಹೋದ್ಯೋಗಿ ಮೈಕೇಲ್ ಪೀಸ್ ಇದಕ್ಕೂ ಉತ್ತರ ಕೊಟ್ಟರು. ಹುಂಜಕ್ಕೆ ಎರಡು ಝಡ್ ಇರುವುದರಿಂದ ಪಟ್ಟೆಯ ಜೀನ್ ಎರಡು ಪಾಲು, ಹ್ಯಾಟೆಗೆ ಒಂದೇ ಪಾಲು. ಎರಡು ಸಲ ಸುಣ್ಣ ಬಳಿದ ಗೋಡೆ ಒಂದು ಸಲ ಬಳಿದದ್ದಕ್ಕಿಂತ ಬಿಳಿಯಾಗಿ ಕಾಣುವಂತೆ, ಪಟ್ಟೆ ತಳಿಯ ಹುಂಜ ಯಾವಾಗಲೂ ಹ್ಯಾಟೆಗಿಂತ ತಿಳಿಬಣ್ಣದ್ದು. ಕಪ್ಪು ಮೈಯ ಪ್ಲೈಮೌತ್ ರಾಕ್ ಮರಿಗಳಲ್ಲಿ ಈ ವ್ಯತ್ಯಾಸ ಮಸುಕು: ಗಂಡಿನ ನೆತ್ತಿಚುಕ್ಕೆ ದೊಡ್ಡದು, ಅಂಚು ಕಲಸಿದ್ದು, ಹೆಣ್ಣಿನದು ಚಿಕ್ಕದು, ಅಚ್ಚುಕಟ್ಟು. ನುರಿತವರಿಗೂ ಪೂರ್ತಿ ಖಾತ್ರಿ ಇರದು. ಆದರೆ ಅದೇ ಪಟ್ಟೆಯನ್ನು ಕಂದು ಮೈಯ ತಳಿಗೆ ತಂದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹೊನ್ನಿನ ಕ್ಯಾಂಪೈನ್ ತಳಿಗೆ ಬಾರ್ಡ್ ರಾಕ್‌ನ ಪಟ್ಟೆ ಸೇರಿಸಿ ಅವರು 1930ರ ಆಸುಪಾಸಿನಲ್ಲಿ ‘ಕ್ಯಾಂಬಾರ್’ ಎಂಬ ತಳಿ ಮಾಡಿದರು. ಕಂದು ಲೆಗ್‌ಹಾರ್ನ್‌ಗೆ ಸೇರಿಸಿದ್ದು ‘ಲೆಗ್‌ಬಾರ್’ ಆಯಿತು. ಲೆಗ್‌ಬಾರ್ ಹೆಣ್ಣುಮರಿಯ ಬೆನ್ನ ಮೇಲೆ ಗಾಢ ಕಂದು ಗೆರೆಗಳು ಗೀಟು ಎಳೆದಷ್ಟು ಸ್ಪಷ್ಟ. ಗಂಡುಮರಿಯಲ್ಲಿ ಅದೇ ಗೆರೆ ತೊಳೆದು ಮಾಸಿದಂತೆ ತಿಳಿಯಾಗಿ, ನೆತ್ತಿಯ ಮೇಲೆ ಬಿಳಿ ಮಚ್ಚೆಯಿರುತ್ತದೆ. ಇಲ್ಲಿ ತಲೆಮಾರು ಎಷ್ಟಾದರೂ ಗುರುತು ಅಳಿಯುವುದಿಲ್ಲ. ಬೇರೆ ತಳಿ ಬೆರೆಸದಿದ್ದರೆ ಸಾಕು.

ರೇಷ್ಮೆಯ ಮನೆಯಲ್ಲೂ ಇದೇ ಕಥೆ

ಈ ಲೆಕ್ಕ ಕರ್ನಾಟಕಕ್ಕೆ ದೂರದ್ದೆಂದು ಅನಿಸಿದರೆ ರಾಮನಗರ, ಶಿಡ್ಲಘಟ್ಟದ ರೇಷ್ಮೆಯನ್ನು ನೆನೆಯಿರಿ. ರೇಷ್ಮೆಹುಳುವಿನಲ್ಲೂ ಲಿಂಗದ ಏರ್ಪಾಡು ಕೋಳಿಯದೇ: ಗಂಡಿಗೆ ಎರಡು ಝಡ್, ಹೆಣ್ಣಿಗೆ ಝಡ್ ಮತ್ತು ಡಬ್ಲ್ಯು. ಮಿಶ್ರತಳಿ ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಲ್ಲಿ ಒಂದು ತಳಿಯ ಹೆಣ್ಣು, ಇನ್ನೊಂದು ತಳಿಯ ಗಂಡು ಬೇಕು. ಚಿಟ್ಟೆ ಹೊರಬಂದು ತನ್ನ ತಳಿಯಲ್ಲೇ ಜೋಡಿಯಾಗಿಬಿಟ್ಟರೆ ಕೆಲಸ ಕೆಟ್ಟಿತು. ಅದಕ್ಕಾಗಿ ಗೂಡು ಕತ್ತರಿಸಿ, ಒಳಗಿನ ಕೋಶವನ್ನು ಒಂದೊಂದಾಗಿ ತಿರುವಿ, ಹೊಟ್ಟೆಯ ತುದಿ ನೋಡಿ ಬೇರ್ಪಡಿಸುತ್ತಾರೆ. ಎಂಟನೇ ಖಂಡದ ಮೇಲೆ ಗುಣಿಸು ಚಿಹ್ನೆಯಂಥ ಗೆರೆ ಇದ್ದರೆ ಹೆಣ್ಣು, ಒಂಬತ್ತನೆಯದರ ಮೇಲೆ ಚುಕ್ಕೆ ಇದ್ದರೆ ಗಂಡು. ಕಣ್ಣು ನೋಯಿಸುವ ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದೇ.

ಜಪಾನಿನ ವಿಜ್ಞಾನಿ ತಾಜಿಮಾ 1940ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಎಕ್ಸ್-ಕಿರಣ ಹಾಯಿಸಿ, ಹುಳುವಿನ ಮೈ ಮೇಲೆ ಗುರುತು ಮೂಡಿಸುವ ಜೀನ್ ಇರುವ ತುಂಡನ್ನು ಅದರ ಜಾಗದಿಂದ ಕಳಚಿ ಡಬ್ಲ್ಯುಗೆ ಅಂಟಿಸಿದರು. ಡಬ್ಲ್ಯು ತಾಯಿಯಿಂದ ಮಗಳಿಗೆ ಮಾತ್ರ ಹೋಗುವಂಥದ್ದು. ಹಾಗಾಗಿ ಮೈಮೇಲೆ ಗುರುತಿರುವ ಹುಳುಗಳೆಲ್ಲ ಹೆಣ್ಣು, ಸಾದಾ ಹುಳುಗಳೆಲ್ಲ ಗಂಡು. ಕೋಳಿಯಲ್ಲಿ ಇದ್ದ ಜೀನ್‌ಗೆ ತಕ್ಕ ಜೋಡಿ ಹುಡುಕಿದರು, ಹುಳುವಿನಲ್ಲಿ ಜೀನ್‌ನ ವಿಳಾಸವನ್ನೇ ಬದಲಿಸಿದರು. ಬೇಡಿಕೆಯೂ ಉಲ್ಟಾ: ಗಂಡುಹುಳು ಕಡಿಮೆ ಸೊಪ್ಪು ತಿಂದು, ಗೂಡಿನ ತೂಕಕ್ಕೆ ಹೋಲಿಸಿದರೆ ಹೆಚ್ಚು ರೇಷ್ಮೆ ಕೊಡುತ್ತದೆ. ಗಂಡು ಬೇಕೋ ಬೇಡವೋ ಎಂಬುದು ಪ್ರಾಣಿಯ ಗುಣವಲ್ಲ, ನಮ್ಮ ಲಾಭದ ಲೆಕ್ಕ.

ಮೊಟ್ಟೆಯೊಳಗೆ ಇಣುಕುವ ಬೆಳಕು

ಆ ಲಾಭದ ಲೆಕ್ಕ ಈಗ ಯುರೋಪಿನಲ್ಲಿ ಕಾನೂನಿನ ಮುಂದೆ ನಿಂತಿದೆ. ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 700 ಕೋಟಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ ಎನ್ನುತ್ತಾರೆ. ಜರ್ಮನಿ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿತು, ಫ್ರಾನ್ಸ್ ಕೂಡ ಅದೇ ದಾರಿ ಹಿಡಿಯಿತು. ಹ್ಯಾಚರಿಗಳಿಗೆ ಉಳಿದದ್ದು ಎರಡು ದಾರಿ: ಗಂಡುಮರಿಗಳನ್ನೂ ಸಾಕುವುದು, ಇಲ್ಲವೇ 21 ದಿನದ ಕಾವು ಮುಗಿಯುವ ಮೊದಲೇ, ಮೊಟ್ಟೆಯೊಳಗೇ ಲಿಂಗ ತಿಳಿಯುವುದು. ಒಂಬತ್ತನೇ ದಿನ ಚಿಪ್ಪಿಗೆ ಸೂಕ್ಷ್ಮ ರಂಧ್ರ ಮಾಡಿ, ಒಂದು ಹನಿ ದ್ರವ ತೆಗೆದು ಹೆಣ್ಣಿನ ಹಾರ್ಮೋನು ಇದೆಯೇ ಎಂದು ನೋಡುವ ತಂತ್ರ ಬಂತು. ಇನ್ನೊಂದು ತಂತ್ರದಲ್ಲಿ ಹದಿಮೂರನೇ ದಿನ ಮೊಟ್ಟೆಯ ಮೂಲಕ ಬೆಳಕು ಹಾಯಿಸಿ, ವಿಶೇಷ ಕ್ಯಾಮೆರಾದಿಂದ ಒಳಗಿನ ಭ್ರೂಣದ ಗರಿ ಬಿಳಿಯೋ ಕಂದೋ ಎಂದು ಓದುತ್ತಾರೆ. ರಂಧ್ರವೂ ಬೇಡ, ರಾಸಾಯನಿಕವೂ ಬೇಡ. ಆದರೆ ಇದು ನಡೆಯುವುದು ಕಂದು ಮೊಟ್ಟೆಯ ಹೈಬ್ರಿಡ್‌ಗಳಲ್ಲಿ ಮಾತ್ರ. ಅಲ್ಲಿ ಅಪ್ಪ ಹೊನ್ನು, ಅಮ್ಮ ಬೆಳ್ಳಿ ಎಂಬ ಜೋಡಿ ಮೊದಲೇ ಕಟ್ಟಿರುವುದರಿಂದ ಕ್ಯಾಮೆರಾಕ್ಕೆ ಓದಲು ಏನಾದರೂ ಇದೆ. ಬಿಳಿ ಲೆಗ್‌ಹಾರ್ನ್ ಮೊಟ್ಟೆಯ ಮುಂದೆ ಆ ದುಬಾರಿ ಯಂತ್ರಕ್ಕೂ ಬೇಕಾದ ಗುರುತು ಸಿಗುವುದಿಲ್ಲ.

ಯಂತ್ರಕ್ಕೆ ಅನ್ವಯಿಸುವ ಈ ಮಾತು ನಮಗೂ ಅನ್ವಯಿಸುತ್ತದೆ. ಬಣ್ಣಕ್ಕೆ ತಾನಾಗಿ ಲಿಂಗ ಗೊತ್ತಿಲ್ಲ. ಅಪ್ಪ-ಅಮ್ಮನನ್ನು ತಿಳಿದು ಜೋಡಿ ಮಾಡಿದವರು ಅದರ ಬಾಯಿಂದ ಹೇಳಿಸುತ್ತಾರೆ. ‘ಬಣ್ಣ ನೋಡಿ, ಎಲ್ಲವೂ ಹ್ಯಾಟೆಯೇ’ ಎಂದು ಯಾರಾದರೂ ಮರಿಗೆ ಹೆಚ್ಚಿನ ಬೆಲೆ ಹೇಳಿದರೆ ಮರಿಯನ್ನು ನೋಡುತ್ತಾ ಕೂರಬೇಡಿ. ತಂದೆ ಯಾವ ತಳಿ, ತಾಯಿ ಯಾವ ತಳಿ, ಇಬ್ಬರೂ ಶುದ್ಧವೇ ಎಂದು ಕೇಳಿ. ಹೊನ್ನಿನ ಅಪ್ಪ, ಬೆಳ್ಳಿಯ ಅಮ್ಮ ಎಂಬ ಉತ್ತರ ಬಂದರೆ ಕಣ್ಣುಮುಚ್ಚಿ ಕೆಂಗಂದು ಮರಿ ಆರಿಸಿಕೊಳ್ಳಬಹುದು. ಉತ್ತರ ತಡವರಿಸಿದರೆ ಹುಂಜ-ಹ್ಯಾಟೆ ಬೆರಕೆಯ ಬೆಲೆಯನ್ನಷ್ಟೇ ಕೊಡಿ. ನಾಟಿ ಮರಿಯಾದರೆ ಅದರಿಂದ ನಷ್ಟವೇನೂ ಇಲ್ಲ. ಅರ್ಧ ಹುಂಜಗಳಾದರೂ ಹಬ್ಬದ ಹೊತ್ತಿಗೆ ಅವಕ್ಕೆ ಸಿಗುವ ಬೆಲೆ ಹ್ಯಾಟೆಗಿಂತ ಕಡಿಮೆಯಿರುವುದಿಲ್ಲ. ಹುಟ್ಟಿದ ದಿನವೇ ಗಂಡನ್ನು ಕಸವೆನ್ನುವುದು ಫಾರಂ ಮೊಟ್ಟೆಯ ಲೆಕ್ಕ. ಹಿತ್ತಲ ಕೋಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.